ತಿಂಗಳ ಹಣ ತೆರದೆ ದೂರದರ್ಶನವನ್ನು ನೋಡುವ ಬಗೆ

ಗೃಹಕೃತ್ಯದಲ್ಲಿ ಒಮ್ಮೆ ಬಂದು ಹೋಗುವ ದೊಡ್ಡ ವೆಚ್ಚಗಳನ್ನು ನಾವೆಲ್ಲರೂ ಎಚ್ಚರಿಕೆಯಿಂದ ಗಮನಿಸುತ್ತೇವೆ. ತಿಂಗಳು ತಿಂಗಳೂ ಸದ್ದಿಲ್ಲದೆ ಜಾರುವ ಸಣ್ಣ ವೆಚ್ಚಗಳನ್ನಾದರೋ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿರಳ. ಕೇಬಲ್ ದೂರದರ್ಶನದ ಚಂದಾ ಅಂಥದೊಂದು ವೆಚ್ಚವು. ತಿಂಗಳಿಗೆ ೩೦೦ ರೂಪಾಯಿ ತೆರುವ ಮನೆಯು ವರ್ಷಕ್ಕೆ ೩,೬೦೦ ರೂಪಾಯಿ ತೆರುವುದು. ಆ ಮನೆಯ ಹುಡುಗಿಯು ಎಂಟನೆಯ ತರಗತಿಗೆ ಸೇರಿ ಹತ್ತನೆಯದನ್ನು ಮುಗಿಸುವಷ್ಟರಲ್ಲಿ ಈ ಮೊತ್ತವು ೧೦,೮೦೦ ರೂಪಾಯಿ ಆಗಿರುವುದು. ಕೇಬಲನ್ನು ಬಿಟ್ಟರೆ ದೂರದರ್ಶನವೇ ಇಲ್ಲವಾಗುವುದೆಂದು ಹಲವರು ತಿಳಿದಿರುವುದರಿಂದ, ಈ ವಿಷಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ವಿಶದಪಡಿಸುವುದು ಯುಕ್ತವೆಂದು ತೋರಿತು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. ಹಿಂದೆ ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂತೆ ಕಾಣುತ್ತಿದ್ದ ಆಂಟೆನಾವನ್ನು ನಿಲ್ಲಿಸಿದರೆ, ಸಮೀಪದ ಗೋಪುರದಿಂದ ಬರುವ ಚಿತ್ರವು ದೊರೆಯುತ್ತಿತ್ತು. ದೂರದರ್ಶನದ ಆ ಹಳೆಯ ಭೂಪ್ರಸಾರ ಕೇಂದ್ರಗಳಲ್ಲಿ ಬಹುಪಾಲನ್ನು ೨೦೨೨ರ ಮಾರ್ಚಿಯೊಳಗಾಗಿ ಮುಚ್ಚಲಾಯಿತು. ಆದುದರಿಂದ ಅಟ್ಟದಲ್ಲಿರುವ ಹಳೆಯ ಆಂಟೆನಾವನ್ನು ಕೆಳಗಿಳಿಸಿ ಪ್ರಯೋಜನವಿಲ್ಲ. ಈಗ ಉಚಿತ ಚಿತ್ರವು ಬರುವುದು ಗೋಪುರದಿಂದಲ್ಲ, ಉಪಗ್ರಹದಿಂದ.

ಉಪಗ್ರಹದ ಮೂಲಕ ಹಳ್ಳಿಗೆ ಚಿತ್ರವನ್ನು ಕಳುಹಿಸುವುದು ನಮ್ಮ ನಾಡಿಗೆ ಹೊಸದಲ್ಲ. ೧೯೭೫ರ ಆಗಸ್ಟಿನಿಂದ ಒಂದು ವರ್ಷದವರೆಗೆ ಆರು ರಾಜ್ಯಗಳ ಸುಮಾರು ೨,೪೦೦ ಗ್ರಾಮಗಳಲ್ಲಿ ನಡೆದ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಆಗ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ತಟ್ಟೆಯು ಬೇಕಾಗಿತ್ತು. ಈಗಲಾದರೋ ಎರಡು ಅಡಿಗಳ ತಟ್ಟೆಯೇ ಸಾಕು.

ಪ್ರಸಾರ ಭಾರತಿಯು ೨೦೦೪ರ ಡಿಸೆಂಬರಿನಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಎಂಬ ಹೆಸರಿನಿಂದ ಆರಂಭಿಸಿದ ಸೇವೆಯು ಈಗ ‘ಡಿಡಿ ಫ್ರೀ ಡಿಶ್’ ಎಂದು ಕರೆಯಲ್ಪಡುತ್ತದೆ. ತಟ್ಟೆ, ಸೆಟ್ ಟಾಪ್ ಬಾಕ್ಸ್, ತಂತಿ ಇವುಗಳಿಗೆ ಒಮ್ಮೆ ಸುಮಾರು ೨,೦೦೦ ರೂಪಾಯಿ ವೆಚ್ಚವಾಗುವುದು. ಅನಂತರ ತಿಂಗಳ ಚಂದಾ ಏನೂ ಇಲ್ಲ. ಕೊಳ್ಳುವಾಗ ‘ಎಂಪೆಗ್-೪’ ಬಗೆಯ ಪೆಟ್ಟಿಗೆಯನ್ನೇ ಕೇಳತಕ್ಕದ್ದು. ಹಳೆಯ ‘ಎಂಪೆಗ್-೨’ ಪೆಟ್ಟಿಗೆಯಲ್ಲಿ ಕೆಲವು ವಾಹಿನಿಗಳು ಮೂಡಲಾರವು.

ತಟ್ಟೆಯನ್ನು ನಿಲ್ಲಿಸುವ ಕ್ರಮವು ಭೂಗೋಳದ ಒಂದು ಒಳ್ಳೆಯ ಪಾಠವಾಗಿದೆ. ಈ ಪ್ರಸಾರವು ಬರುವ ಜಿಸ್ಯಾಟ್-೧೫ ಉಪಗ್ರಹವು ಭೂಮಧ್ಯರೇಖೆಯ ಮೇಲೆ, ೯೩.೫ ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿದ್ದು, ಭೂಮಿಯೊಡನೆ ಸಮವೇಗದಲ್ಲಿ ತಿರುಗುವುದರಿಂದ ನಮಗೆ ನಿಶ್ಚಲವಾಗಿ ತೋರುವುದು. ಕರ್ನಾಟಕವು ಅದಕ್ಕೆ ವಾಯವ್ಯದಲ್ಲಿರುವುದರಿಂದ ನಾವು ಆಗ್ನೇಯಕ್ಕೆ ಮುಖ ಮಾಡಬೇಕು. ಕ್ಷಿತಿಜದಿಂದ ಅರುವತ್ತು ಡಿಗ್ರಿಗಿಂತ ಮೇಲೆ ಅದರ ಸ್ಥಾನ. ಆದರೂ ತಟ್ಟೆಯು ಅಷ್ಟೊಂದು ಮೇಲೆ ನೋಡುತ್ತಿರುವಂತೆ ಕಾಣುವುದಿಲ್ಲ. ಯಾಕಂದರೆ ಅಲೆಗಳನ್ನು ಓರೆಯಾಗಿ ಸ್ವೀಕರಿಸುವಂತೆ ಅದರ ಆಕಾರವಿರುತ್ತದೆ. ಆ ದಿಕ್ಕಿಗೆ ತೆಂಗಿನ ಗರಿಯಾಗಲಿ ನೆರೆಮನೆಯ ಗೋಡೆಯಾಗಲಿ ಅಡ್ಡ ಬರಬಾರದು. ಪೆಟ್ಟಿಗೆಯು ತೋರಿಸುವ ಸಂಕೇತದ ಬಲವನ್ನು ಒಬ್ಬರು ಒಳಗೆ ನೋಡಿ ಹೇಳುತ್ತಿರಲು, ಇನ್ನೊಬ್ಬರು ತಟ್ಟೆಯನ್ನು ಕೂದಲೆಳೆಯಷ್ಟು ಸರಿಸುತ್ತ ಬಿಗಿಯಬೇಕು. ಭಾರಿ ಮಳೆಯಲ್ಲಿ ನೀರಹನಿಗಳು ಅಲೆಗಳನ್ನು ಹೀರುವುದರಿಂದ ಚಿತ್ರವು ಕೆಲಹೊತ್ತು ಮಾಯವಾಗಬಹುದು. ಮಳೆ ಇಳಿದರೆ ತಾನೇ ಮರಳುವುದು. ಇದಕ್ಕಾಗಿ ಯಾರನ್ನೂ ಕರೆಸಬೇಕಾಗಿಲ್ಲ.

ಇನ್ನು ದೊರೆಯುವುದೇನು, ದೊರೆಯದಿರುವುದೇನು? ಚಂದನವೂ ದೂರದರ್ಶನದ ಇತರ ವಾಹಿನಿಗಳೂ ಆಕಾಶವಾಣಿಯ ಅನೇಕ ನಿಲಯಗಳೂ ದೊರೆಯುವುವು. ಖಾಸಗಿ ವಾಹಿನಿಗಳು ಹರಾಜಿನಲ್ಲಿ ಸ್ಥಾನವನ್ನು ಪಡೆಯುವುದರಿಂದ ಬರುತ್ತ ಹೋಗುತ್ತ ಇರುವುವು; ಅವುಗಳಲ್ಲಿ ಹಿಂದಿಯವೇ ಹೆಚ್ಚು. ೨೦೦೭ರ ಕಾಯಿದೆಯಂತೆ ರಾಷ್ಟ್ರೀಯ ಮಹತ್ವದ್ದೆಂದು ಸಾರಲ್ಪಟ್ಟ ಕ್ರೀಡೆಗಳನ್ನು ಖಾಸಗಿಯವರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳತಕ್ಕದ್ದು. ಹಾಗೆ ಹಂಚಿದುದನ್ನು ದೂರದರ್ಶನವು ತನ್ನ ಭೂಪ್ರಸಾರದಲ್ಲಿಯೂ ಫ್ರೀ ಡಿಶ್ಶಿನಲ್ಲಿಯೂ ಮಾತ್ರ ತೋರಿಸಬಹುದೆಂದು ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆದರೆ ಹಣ ಕೊಟ್ಟು ನೋಡುವ ವಾಹಿನಿಗಳ ಕನ್ನಡ ಧಾರಾವಾಹಿಗಳನ್ನು ಇಲ್ಲಿ ನಿರೀಕ್ಷಿಸಬಾರದು. ಇದನ್ನು ಮರೆಮಾಚಿ ಸಲಹೆ ಕೊಡುವುದು ನ್ಯಾಯವಲ್ಲ. ದಿನವೆಲ್ಲ ದುಡಿದ ತಾಯಿಗೂ ನಡೆಯಲಾರದ ಅಜ್ಜಿಗೂ ಸಂಜೆಯ ಆ ಅರ್ಧ ಗಂಟೆಯು ಅಲ್ಪವಾದದ್ದೇನಲ್ಲ.

ಅದಾಗ್ಯೂ ಹಣದ ಉಳಿತಾಯಕ್ಕಿಂತ ಹೆಚ್ಚಿನದೊಂದು ಸಂಗತಿಯುಂಟು. ೨೦೨೦ರಲ್ಲಿ ಶಾಲೆಗಳು ಮುಚ್ಚಿದ್ದಾಗ ರಾಜ್ಯದ ಶಿಕ್ಷಣ ಇಲಾಖೆಯು ‘ಸಂವೇದ’ವೆಂಬ ಹೆಸರಿನಲ್ಲಿ ಪ್ರೌಢಶಾಲೆಯ ಪಾಠಗಳನ್ನು ಚಂದನದಲ್ಲಿ ಪ್ರಸಾರ ಮಾಡಿಸಿತು. ಮನೆಯಲ್ಲಿದ್ದ ಒಂದೇ ಮೊಬೈಲನ್ನು ತಂದೆಯು ಕೆಲಸಕ್ಕೆ ಒಯ್ದರೆ, ಅಥವಾ ಅಣ್ಣನ ಕೈಯಲ್ಲಿ ಅದು ಉಳಿದರೆ, ಹುಡುಗಿಗೆ ಆ ಪರದೆಯೇ ಶಾಲೆ. ಸಂಪಾದನೆ ನಿಂತಿದ್ದ ಆ ದಿನಗಳಲ್ಲಿ ಚಂದಾ ಕಟ್ಟದ ಮನೆಯ ಪರದೆ ಕತ್ತಲಾದರೆ, ಆಕೆಯ ಪಾಠವೂ ಅದರೊಡನೆ ನಿಂತಂತೆಯೇ. ಚಂದಾ ಇಲ್ಲದ ತಟ್ಟೆಗೆ ಆ ಭಯವಿಲ್ಲ. ಅದೇ ವರ್ಷ ಕೇಂದ್ರ ಸರಕಾರವು ತರಗತಿಗೊಂದು ವಾಹಿನಿಯಂತೆ ‘ಪಿಎಂ ಇ-ವಿದ್ಯಾ’ವನ್ನು ಪ್ರಕಟಿಸಿತು, ೨೦೨೨ರ ಆಯವ್ಯಯದಲ್ಲಿ, ರಾಜ್ಯಭಾಷೆಗಳಲ್ಲಿಯೂ ಪಾಠಗಳು ನಡೆಯುವಂತೆ, ಅದನ್ನು ೨೦೦ ವಾಹಿನಿಗಳಿಗೆ ವಿಸ್ತರಿಸುವುದಾಗಿ ಹೇಳಿತು. ಇವೂ ಇದೇ ತಟ್ಟೆಗೆ ಬರುವುವು.

ಆದಕಾರಣ ನಮ್ಮ ಸೂಚನೆಯು ಇಷ್ಟೇ. ಒಂದು ವಾರದವರೆಗೆ ಮನೆಯವರು ನಿಜವಾಗಿ ನೋಡಿದ ವಾಹಿನಿಗಳನ್ನು ಮಗಳ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಯಿಸಿರಿ. ನೂರಾರು ವಾಹಿನಿಗಳಿಗೆ ಹಣ ತೆತ್ತು ನೋಡುವುದು ಐದಾರನ್ನೇ ಎಂಬುದು ಆಗ ತಿಳಿಯಬಹುದು. ಅವುಗಳಲ್ಲಿ ಉಚಿತವಾದವು ಎಷ್ಟೆಂದು ಗುರುತಿಸಿರಿ. ಉಳಿದವುಗಳಿಲ್ಲದೆ ನಡೆಯುವುದೋ ಎಂದು ಎಲ್ಲರನ್ನೂ, ಅಜ್ಜಿಯನ್ನೂ ಸಹ, ಕೇಳಿರಿ. ನಡೆಯುವುದಾದರೆ ಮೊದಲು ತಟ್ಟೆಯನ್ನು ಹಾಕಿಸಿ ಚಿತ್ರವನ್ನು ನೋಡಿ, ಬಳಿಕವೇ ಕೇಬಲಿನವರ ಬಾಕಿಯನ್ನು ತೀರಿಸಿ, ಅವರ ಪೆಟ್ಟಿಗೆಯನ್ನು ಹಿಂದಿರುಗಿಸಿ ರಸೀತಿಯನ್ನು ಪಡೆಯಿರಿ. ನಡೆಯದಿದ್ದರೆ ಕೇಬಲನ್ನೇ ಇಟ್ಟುಕೊಳ್ಳಿರಿ. ಆದರೆ ಬೇಡದ ವಾಹಿನಿಗಳನ್ನು ತೆಗೆಯಿಸಿರಿ. ಉಳಿದ ಹಣವು ಮಗಳ ಮುಂದಿನ ಓದಿಗೆಂದು ಅಂಚೆಕಚೇರಿಯ ಪುಸ್ತಕದಲ್ಲಿ ಅವಳ ಹೆಸರಿನಲ್ಲಿಯೇ ಬೆಳೆಯುವುದಾದರೆ, ಆ ಹಾಳೆಯನ್ನು ಬರೆದ ಶ್ರಮಕ್ಕೆ ಅದೇ ತಕ್ಕ ಪ್ರತಿಫಲವು.