ಕವಚದೊಳಗಿನ ಸುಣ್ಣ

ಕರ್ಣನ ಕವಚ ಹೊರಗಿನ ಪೆಟ್ಟನ್ನು ತಡೆಯುತ್ತಿತ್ತು. ರಾಸಾಯನಿಕ ಕ್ರಿಯಾಪಾತ್ರೆಯ ಕವಚ ಒಳಗಿನ ಕಾವನ್ನು ಹೊರಗೊಯ್ಯಬೇಕು. ಹೊಸೂರಿನ ಔಷಧ ಕಾರ್ಖಾನೆಗಳಲ್ಲಿಯೂ ಬಳಕೆಯಲ್ಲಿರುವ ಇಂತಹ ಪಾತ್ರೆಯ ಇಮ್ಮಡಿ ಗೋಡೆಗಳ ನಡುವೆ ತಣ್ಣೀರು ಹರಿಯುತ್ತದೆ.

ಕೊಳವೆಬಾವಿಯ ಗಡಸು ನೀರನ್ನು ಹಾಗೆಯೇ ಹರಿಸಿದರೆ, ಬಚ್ಚಲ ಹಂಡೆಯಲ್ಲಿ ಆಗುವಂತೆ, ಕವಚದೊಳಗೆ ಸುಣ್ಣ ಕಟ್ಟುತ್ತದೆ. ಅದರ ಉಷ್ಣವಾಹಕತೆ ಉಕ್ಕಿಗಿಂತ ಹಲವು ಪಟ್ಟು ಕಡಿಮೆ. ಕಾವು ಒಳಗೇ ಉಳಿದರೆ ಕ್ರಿಯೆ ಕೈಮೀರಿ ಸ್ಫೋಟಿಸಬಹುದು; ಅಪಾಯ ಪಾತ್ರೆಯ ಬಳಿ ನಿಂತ ಕೆಲಸಗಾರನಿಗೆ.

ಹೊರಬರುವ ನೀರೇ ದೋಷವನ್ನು ಸೂಚಿಸುತ್ತದೆ. ಹರಿವು ಕುಗ್ಗಿ ನೀರು ಬಹಳ ಬಿಸಿಯಾಗಿ ಬಂದರೆ ಪಂಪು, ಕೊಳವೆಗಳನ್ನು ಪರೀಕ್ಷಿಸಬೇಕು. ಹರಿವು ಸರಿಯಿದ್ದೂ ನೀರು ತಣ್ಣಗೇ ಮರಳಿದರೆ ಕಾವು ಗೋಡೆಯನ್ನು ದಾಟುತ್ತಿಲ್ಲ: ಕವಚದಲ್ಲಿ ಸುಣ್ಣ, ಪಾತ್ರೆಯೊಳಗೆ ಅಂಟಿದ ಪದರ ಅಥವಾ ಕುಂದಿದ ಕಲಕುವಿಕೆ ಕಾರಣವಾಗಿರಬಹುದು. ಸುಣ್ಣವಾದರೆ, ಲೋಹವನ್ನು ಕಾಯುವ ದ್ರವ್ಯ ಬೆರೆಸಿದ ಸೌಮ್ಯ ಆಮ್ಲದಿಂದ ಕವಚವನ್ನು ತೊಳೆದು, ಮುಂದೆ ಮೆದುಗೊಳಿಸಿದ ನೀರನ್ನೇ ಹರಿಸಬೇಕು.