ಅನಿಲೀನ್‌ನೊಳಗಿನ ನೀಲಿ

ರಸಾಯನಶಾಸ್ತ್ರದ ಹೆಸರುಗಳನ್ನು ಅರ್ಥ ಕೇಳದೆ ಬಾಯಿಪಾಠ ಮಾಡಿ ಪಾಸಾದವರೇ ನಮ್ಮಲ್ಲಿ ಹೆಚ್ಚು. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ನಾನಂತೂ ಆ ಕಡೆ ತಲೆ ಹಾಕಿರಲಿಲ್ಲ. ಇಲ್ಲಿ ಪುಣೆಯಲ್ಲಿ ಹನ್ನೆರಡನೆಯ ತರಗತಿ ಓದುತ್ತಿರುವ ಅಕ್ಕನ ಮಗ, "ಮಾಮಾ, ಅನಿಲೀನ್ ಅಂದ್ರೆ ಅನಿಲಾನಾ?" ಎಂದು ಕೇಳಿದಾಗ ಹುಡುಕಬೇಕಾಯಿತು. ಅದು ಅನಿಲವಲ್ಲ, ದ್ರವ. ಹೆಸರಿನಲ್ಲಿರುವುದು ನಮ್ಮ ‘ನೀಲಿ’!

ಸಂಸ್ಕೃತದ ‘ನೀಲೀ’ ಪರ್ಷಿಯನ್ನಿನಲ್ಲಿ ‘ನೀಲ್’ ಆಯಿತು. ಅರಬ್ಬರು ತಮ್ಮ ‘ಅಲ್’ ಸೇರಿಸಿದರು. ನಕಾರದ ಮುಂದೆ ಅದು ‘ಅನ್’ ಆಗಿ ‘ಅನ್-ನೀಲ್’ ಎಂದಾಯಿತು. ಪೋರ್ಚುಗೀಸರ ಬಾಯಲ್ಲಿ ಅದೇ ‘ಅನಿಲ್’.

1826ರಲ್ಲಿ ಜರ್ಮನಿಯ ಉನ್‌ವರ್ಡೋರ್ಬೆನ್ ನೀಲಿಯನ್ನು ಬಟ್ಟಿ ಇಳಿಸಿ ಈ ದ್ರವ ಪಡೆದು ‘ಕ್ರಿಸ್ಟಲಿನ್’ ಎಂದ. 1834ರಲ್ಲಿ ರುಂಗೆ ಕಲ್ಲಿದ್ದಲಿನ ಡಾಂಬರಿನಲ್ಲಿ ಕಂಡು ‘ಕಯನೋಲ್’ ಎಂದ. ಆಮೇಲೆ ಫ್ರಿಟ್ಶೆ ‘ಅನಿಲಿನ್’ ಎಂದ, ಜಿನಿನ್ ‘ಬೆಂಜಿಡಾಮ್’ ಎಂದ. ನಾಲ್ಕೂ ಒಂದೇ ವಸ್ತು ಎಂದು 1843ರಲ್ಲಿ ಹಾಫ್‌ಮನ್ ತೋರಿಸಿದ. ಉಳಿದದ್ದು ಗಿಡದ ಹೆಸರು.

ಉಳಿಯದೆ ಹೋದದ್ದು ಗಿಡ. 1856ರಲ್ಲಿ 18 ವರ್ಷದ ಪರ್ಕಿನ್ ಕ್ವಿನೈನ್ ಮಾಡಲು ಹೊರಟು ಅನಿಲೀನ್‌ನಿಂದ ನೇರಳೆ ಬಣ್ಣ ಪಡೆದ. ಅಲ್ಲಿಂದ ಕೃತಕ ಬಣ್ಣಗಳ ಉದ್ಯಮವೇ ಬೆಳೆಯಿತು. 1897ರಲ್ಲಿ ಕೃತಕ ನೀಲಿಯನ್ನೇ ಮಾರುಕಟ್ಟೆಗೆ ತಂದ ಜರ್ಮನಿಯ ಬಿಎಎಸ್‌ಎಫ್ ಕಂಪನಿಯ ಹೆಸರಿನ ‘ಎ’ ಎಂದರೂ ಅನಿಲೀನೇ.

ಇದರ ಬಿಸಿ ತಟ್ಟಿದ್ದು ಬಿಹಾರದ ಚಂಪಾರಣ್ಯದ ರೈತರಿಗೆ. ಅಲ್ಲಿ 20 ಕಟ್ಠಾ ಜಮೀನಿದ್ದರೆ 3 ಕಟ್ಠಾದಲ್ಲಿ ಯಜಮಾನನಿಗಾಗಿ ನೀಲಿ ಬೆಳೆಯಲೇಬೇಕಿತ್ತು. ಗಿಡದ ನೀಲಿಗೆ ಬೆಲೆ ಬಿದ್ದಾಗ ಬಿಳಿಯ ಯಜಮಾನರು, "ಇನ್ನು ಬೆಳೆಯುವುದು ಬೇಡ" ಎಂದು ಬಿಡುಗಡೆ ಕೊಟ್ಟರು. ಅದಕ್ಕೆ ಪ್ರತಿಯಾಗಿ ಗೇಣಿ ಏರಿಸಿದರು. ತಮ್ಮ ನಷ್ಟವನ್ನು ರೈತನ ತಲೆಗೆ ಕಟ್ಟಿದರು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದಾಗ ಕೇಳಿಸಿಕೊಂಡ ದೂರುಗಳಲ್ಲಿ ಇದೂ ಒಂದು.

ಅನಿಲೀನ್‌ಗೆ ‘ಬೆಂಜೀನಮೈನ್’ ಎಂಬ ನಿಯಮಬದ್ಧ ಹೆಸರೂ ಇದೆ. ಕೋಡ್ ಬರೆಯುವ ನನಗೆ ಅಂಥ ಹೆಸರೇ ಇಷ್ಟ, ನೋಡಿದೊಡನೆ ರಚನೆ ಗೊತ್ತಾಗುತ್ತದೆ. ಆದರೆ ಅದರಲ್ಲಿ ಗಿಡವೂ ಇಲ್ಲ, ಅದನ್ನು ಬೆಳೆದವನೂ ಇಲ್ಲ. ಹೆಸರಿಡುವ ನಿಯಮಗಳನ್ನು ರೂಪಿಸುವ ಐಯುಪಿಎಸಿ ಸಂಸ್ಥೆ ಕೂಡ ಹಳೆಯ ಹೆಸರನ್ನು ಕೈಬಿಟ್ಟಿಲ್ಲ. ಮಕ್ಕಳು ಪರೀಕ್ಷೆಗೆ ಸೂತ್ರ ಕಲಿಯಲಿ. ಜೊತೆಗೆ ಈ ನಾಲ್ಕಕ್ಷರದಲ್ಲಿ ಅಡಗಿರುವ ನೀಲಿಯ ಕಥೆಯನ್ನೂ ನಾವು ಹೇಳೋಣ.