ಬಂದುಹೋಗುವ ದೋಷ

ಯಂತ್ರವು ಪೂರ್ಣವಾಗಿ ಕೆಟ್ಟು ನಿಂತರೆ ಅದರ ದೋಷವನ್ನು ಕಂಡುಹಿಡಿಯುವುದು ಅಷ್ಟು ಕಷ್ಟವಲ್ಲ. ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಮರೆಯಾಗುವ ದೋಷವು ನುರಿತ ಕೆಲಸಗಾರನನ್ನೂ ದಿಕ್ಕುಗೆಡಿಸುತ್ತದೆ. ಹಳೆಯ ಕಾರುಗಳ ವಿದ್ಯುತ್ ವ್ಯವಸ್ಥೆಯಲ್ಲಿ ಇಂತಹ ದೋಷಗಳು ಹೆಚ್ಚು.

ಶಿವಮೊಗ್ಗದ ವಿನೋಬನಗರದ ಮನೆಯೊಂದರ ಮುಂದೆ ಮಳೆಗಾಲವಿಡೀ ನೆನೆದು ನಿಂತ ಹಳೆಯ ಅಂಬಾಸಿಡರ್ ಕಾರೊಂದನ್ನು ಕಲ್ಪಿಸಿಕೊಳ್ಳಿ. ಒಂದು ದಿನ ಅದರ ಎಂಜಿನ್ ಮೊದಲ ಯತ್ನಕ್ಕೇ ಚಾಲೂ ಆಗುತ್ತದೆ. ಮರುದಿನ 'ಟಿಕ್' ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ. ರಾತ್ರಿಯಲ್ಲಿ ದೀಪಗಳು ಮಂಕಾಗಿ, ಸ್ವಲ್ಪ ದೂರ ಸಾಗಿದ ಮೇಲೆ ತಾವಾಗಿಯೇ ಬೆಳಗುತ್ತವೆ. ಯಜಮಾನನು ಬ್ಯಾಟರಿಯನ್ನು ಬದಲಿಸುತ್ತಾನೆ. ಬಳಿಕ ಆಲ್ಟರ್ನೇಟರನ್ನೂ ಬದಲಿಸುತ್ತಾನೆ. ಹಣ ಹೋಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ. ಇದು ಹಣದ ಮಾತಷ್ಟೇ ಅಲ್ಲ. ಆಗುಂಬೆ ಘಟ್ಟದ ತಿರುವಿನಲ್ಲಿ, ಸುರಿಯುವ ಮಳೆಯಲ್ಲಿ ದೀಪ ಆರಿದರೆ ಪ್ರಾಣಕ್ಕೇ ಸಂಚಕಾರ.

ಕಾರಿನ ಬ್ಯಾಟರಿಯಲ್ಲಿ 6 ಕೋಶಗಳಿರುತ್ತವೆ. ಒಂದೊಂದು ಕೋಶವೂ ಸುಮಾರು 2.1 ವೋಲ್ಟ್ ನೀಡುವುದರಿಂದ, ಪೂರ್ಣ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲೂ ಆದೊಡನೆ ಬೆಲ್ಟಿನ ಮೂಲಕ ಆಲ್ಟರ್ನೇಟರ್ ತಿರುಗಿ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಇನ್ನೂ ಹಳೆಯ ಕಾರುಗಳಲ್ಲಿ ಈ ಕೆಲಸ ಡೈನಮೋವಿನದು. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದಕ್ಕೆ ಆಧಾರ. ಜೋಗದ ವಿದ್ಯುದಾಗಾರದಲ್ಲಿ ಶರಾವತಿಯ ನೀರು ಮಾಡುವ ಕೆಲಸವನ್ನು ಇಲ್ಲಿ ಎಂಜಿನ್ನು ಮಾಡುತ್ತದೆ. ಆಗ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು.

ಆಲ್ಟರ್ನೇಟರಿನ ಬಳಿ 14.2 ವೋಲ್ಟ್ ಇದ್ದು, ಅದೇ ಹೊತ್ತಿನಲ್ಲಿ ಬ್ಯಾಟರಿಯ ಬಳಿ 12.2 ವೋಲ್ಟ್ ಮಾತ್ರ ಇದೆಯೆನ್ನೋಣ. ಉಳಿದ 2 ವೋಲ್ಟ್ ಎಲ್ಲಿ ಹೋಯಿತು? ಓಮ್‌ನ ನಿಯಮ ಇದಕ್ಕೆ ಉತ್ತರ ಕೊಡುತ್ತದೆ. ಕಿಲುಬು ಹಿಡಿದ ಜೋಡಣೆಯೊಂದರ ರೋಧ ಕೇವಲ 0.1 ಓಮ್ ಆಗಿದ್ದರೂ, ಅದರಲ್ಲಿ 20 ಆಂಪಿಯರ್ ಪ್ರವಾಹ ಹರಿದರೆ 2 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಬ್ಯಾಟರಿಯೂ ಸರಿಯಿದೆ, ಆಲ್ಟರ್ನೇಟರೂ ಸರಿಯಿದೆ. ಕೆಟ್ಟಿರುವುದು ಅವೆರಡರ ನಡುವಣ ದಾರಿ.

ಇಂತಹ ಸಡಿಲ ಜೋಡಣೆ ಎಂಜಿನ್ನಿನ ಕಂಪನದಿಂದ ಒಮ್ಮೆ ಕೂಡುತ್ತದೆ, ಒಮ್ಮೆ ಬಿಡುತ್ತದೆ. ಬಿಸಿಯೂ ಮಲೆನಾಡಿನ ತೇವವೂ ಅದರ ರೋಧವನ್ನು ಏರುಪೇರು ಮಾಡುತ್ತವೆ. ದೋಷವು ಬಂದುಹೋಗುವುದರ ಗುಟ್ಟು ಇದೇ. ಆದುದರಿಂದ ಬಲ್ಲ ಕೆಲಸಗಾರನು ಮೊದಲು ಬೆಲ್ಟಿನ ಬಿಗಿಯನ್ನು, ಬಳಿಕ ಬ್ಯಾಟರಿಯ ತುದಿಗಳನ್ನು, ಅನಂತರ ಎಂಜಿನ್ನಿಗೂ ಕಾರಿನ ಮೈಗೂ ಸೇರುವ ಅರ್ತ್ ತಂತಿಯನ್ನು ಪರೀಕ್ಷಿಸುತ್ತಾನೆ. ಕೊನೆಗೆ ಎಂಜಿನ್ ಚಾಲೂ ಇಟ್ಟು, ದೀಪಗಳನ್ನು ಬೆಳಗಿಸಿ, ಬೆಲ್ಟು ಮತ್ತು ಫ್ಯಾನಿನಿಂದ ಕೈಯನ್ನು ದೂರವಿರಿಸಿಕೊಂಡು ತಂತಿಗಳನ್ನು ಒಂದೊಂದಾಗಿ ಅಲುಗಿಸುತ್ತ ಮಾಪಕದ ಮುಳ್ಳನ್ನು ಗಮನಿಸುತ್ತಾನೆ. ಯಾವ ತಂತಿಯನ್ನು ಅಲುಗಿಸಿದಾಗ ಮುಳ್ಳು ತಟ್ಟನೆ ಇಳಿಯುವುದೋ ಅಲ್ಲಿಯೇ ದೋಷ ಅಡಗಿದೆ.

ಒಂದು ಎಚ್ಚರಿಕೆ ಅಗತ್ಯ. ಡೈನಮೋ ಕಾಲದ ರೂಢಿಯಂತೆ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಿ ನೋಡುವುದು ಸಲ್ಲದು. ಆಲ್ಟರ್ನೇಟರಿನ ಡಯೋಡುಗಳು ಅದರಿಂದ ಸುಟ್ಟುಹೋಗಬಹುದು. ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುವುದರಿಂದ ಅದರ ಬಳಿ ಬೆಂಕಿಯನ್ನೂ ತರಬಾರದು.

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಇಂದಿಗೂ ಓಡುತ್ತಿರುವ ಅಂತಹ ಕಾರುಗಳ ಆಯುಸ್ಸು ಹೊಸ ಬಿಡಿಭಾಗಗಳಿಗಿಂತ ಹೆಚ್ಚಾಗಿ ಪರೀಕ್ಷಿಸುವವನ ತಾಳ್ಮೆಯನ್ನು ಅವಲಂಬಿಸಿದೆ. ಊಹೆಯಿಂದ ಬದಲಿಸುವ ಮೊದಲು ಅಳತೆಯಿಂದ ತಿಳಿಯಬೇಕು. ಎಷ್ಟೋ ಸಲ, ಸಾವಿರಾರು ರೂಪಾಯಿಯ ಬಿಡಿಭಾಗ ಸರಿಪಡಿಸಲಾರದ ದೋಷವನ್ನು ಒಂದು ತುಂಡು ಉಪ್ಪುಕಾಗದ ಉಜ್ಜಿ ತೆಗೆಯಬಲ್ಲದು.